ಕಬುಯಾಂಗಾದ ಹಾಳೆ

ಅಕ್ಟೋಬರ್ 3, ಗುರುವಾರ

ಲುಹೆಂಡೆ ಬುಗಾಲಿ ಎಂಬ ನಾನು, ದೊಡ್ಡ ಸರೋವರದ ದಡದ ಮ್ವಾಂಜಾ ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡ ಮೂರು ವಿಮಾನಗಳ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ನಕ್ಷೆಗಳನ್ನು ಕಾದವನು, ಇಂದಿನಿಂದ ಈ ದಿನಚರಿ ಬರೆಯುತ್ತೇನೆ. ಇದು ಯಾರೂ ಓದಲೆಂದಲ್ಲ, ಸಾಕ್ಷಿಗೆ. ನಾಳೆ ಏನಾದರೂ ಆದರೆ, ಆಗೇ ಆಗುತ್ತದೆ, ಮೊದಲೇ ಕಂಡವನು ಒಬ್ಬನಿದ್ದ ಎಂದು ಈ ಪುಸ್ತಕ ಎದ್ದು ನಿಂತು ಹೇಳಬೇಕು.

ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಒಡತಿ, ಎಲ್ಲರಿಗೂ 'ಅಮ್ಮ' ಆದ ಮಾಮಾ ಲಿಮಿ ಹೊಸ ವಿಗ್ ಧರಿಸಿ (ಗುಬ್ಬಿ ಬಿಟ್ಟು ಹೋದ ಗೂಡಿನಂತಿತ್ತು) ಹ್ಯಾಂಗರಿನ ನಡುವೆ ನಿಂತು ಸಾರಿದರು: ಇನ್ನು ಕಾಗದದ ನಕ್ಷೆ ತರಿಸುವುದಿಲ್ಲ, ಪೈಲಟ್‌ಗಳು ಟ್ಯಾಬ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡು ಹಾರಬೇಕು. ಆ ಕೆಲಸದ ಹೊಣೆ ಕೆಮಿಲೆಂಬೆ ಎಂಬ ಪೈಲಟ್ ಹುಡುಗಿಗೆ. ವಯಸ್ಸು ಇಪ್ಪತ್ತೊಂಬತ್ತು. ಬುಕೋಬಾ ಕಡೆಯ ಹಾಯಾ ಕುಲದವಳು. ಆ ಕುಲದವರು ಕೆಮ್ಮುವುದೂ ಇಂಗ್ಲಿಷಿನಲ್ಲೇ.

ನಕ್ಷೆಯ ಆಯುಸ್ಸು ಇಪ್ಪತ್ತೆಂಟೇ ದಿನ. ಇಪ್ಪತ್ತೆಂಟು ದಿನಕ್ಕೊಮ್ಮೆ, ತಪ್ಪದೆ ಗುರುವಾರ, ಇಡೀ ಆಕಾಶಕ್ಕೆ ಹೊಸ ನಕ್ಷೆ ಹುಟ್ಟುತ್ತದೆ, ಹಳೆಯದು ಸಾಯುತ್ತದೆ. ಹತ್ತೊಂಬತ್ತು ವರ್ಷ ಆ ಹೆಣ ಎತ್ತಿದವನು ನಾನು, ತೊಟ್ಟಿಲು ತೂಗಿದವನೂ ನಾನೇ. ಹಳೆಯ ಹಾಳೆ ತೆಗೆ, ಹೊಸದನ್ನು ಬೈಂಡರಿಗೆ ಸೇರಿಸು, ಸಹಿ ಹಾಕು. ನನ್ನ ಕೋಣೆಯಿಂದ ಚೀಟಿ ಬರೆದಿಡದೆ ಒಂದು ಹಾಳೆ ಆಚೆಗೆ ಹೋದದ್ದಿಲ್ಲ.

ಸಭೆ ಮುಗಿದ ಮೇಲೆ ಮಾಮಾ ಲಿಮಿ ನನ್ನ ಭುಜ ತಟ್ಟಿದರು. "ವರ್ಷದ ಕೊನೆಗೆ ನಿನ್ನ ಕೋಣೇಲಿ ಪ್ರಯಾಣಿಕರಿಗೆ ಸೋಫಾ ಹಾಕಿಸ್ತೀನಿ, ಲುಹೆಂಡೆ. ನಿನ್ನ ವಿಷಯ ಆಮೇಲೆ ನೋಡೋಣ."

ಸೋಫಾದ ವಿಷಯ ನಿಶ್ಚಯವಾಗಿದೆ. ನನ್ನ ವಿಷಯ ಆಮೇಲೆ.

ಅಕ್ಟೋಬರ್ 4, ಶುಕ್ರವಾರ

ಸದರಿ ಹುಡುಗಿ ಮೂರು ಸಲ ನಮಸ್ಕಾರ ಹೇಳಿದಳು. ಇಷ್ಟು ವಿನಯ ಕಾರಣವಿಲ್ಲದೆ ಬರುವುದಿಲ್ಲ.

ಅಕ್ಟೋಬರ್ 9, ಬುಧವಾರ

ವಿಮಾನದಲ್ಲಿ ಎರಡು ಟ್ಯಾಬ್ ಇರಲೇಬೇಕಂತೆ, ಒಂದು ಮುಖ್ಯ, ಒಂದು ಮೀಸಲು. ಮುಖ್ಯವಾದದ್ದು ಅವಳ ಚೀಲದಲ್ಲೇ ಇರುತ್ತದೆ. ಮೀಸಲು ಟ್ಯಾಬ್ ಹಾರಾಟವಿಲ್ಲದಾಗ ನನ್ನ ಕೋಣೆಯಲ್ಲಿ ಚಾರ್ಜಿಗೆ. ವಿಮಾನಗಳ ಜೊತೆ ಮಾತಾಡುವ ರೇಡಿಯೋದ ಪಕ್ಕದಲ್ಲಿ, ನನ್ನ ಬೈಂಡರುಗಳ ಕಣ್ಣೆದುರಿಗೇ. ರಾಜನ ಸಿಂಹಾಸನದ ಪಕ್ಕದಲ್ಲಿ ಶತ್ರುವಿನ ಮಗುವನ್ನು ಮಲಗಿಸಿ ಹೋದಂತೆ.

"ಬ್ವಾನಾ ಲುಹೆಂಡೆ, ಇದನ್ನ ಚಾರ್ಜ್ ಮಾಡೋದಷ್ಟೆ. ಬೇರೇನೂ ಮುಟ್ಟಬೇಡಿ" ಎಂದಳು, ಬ್ವಾನಾ ಎಂಬ ಗೌರವದ ಸಂಬೋಧನೆ ಬಿಡದೆ.

ಯಾಕೆ ಮುಟ್ಟಬಾರದು? ಏನಿದೆ ಅದರಲ್ಲಿ?

ಅವಳು ಹೋದ ಮೇಲೆ ಮುಟ್ಟಿದೆ. ಕ್ಯಾಮೆರಾ ಇದೆ. ಒಳ್ಳೆಯ ಕ್ಯಾಮೆರಾ. ನನ್ನದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ತೆಗೆದರೆ ಮನುಷ್ಯನೂ ಮರವೂ ಒಂದೇ. ಇದರಲ್ಲಾದರೋ ಕಿಟಕಿಯಾಚೆ ಅವಳು ವೈಫೈ ಡಬ್ಬಿಯ ಕೆಳಗೆ ಕುಳಿತು ಬೆರಳಾಡಿಸುವುದು ಉಗುರಿನ ಸಮೇತ ಕಾಣುತ್ತದೆ. ಶತ್ರುವಿನ ಕತ್ತಿಯಿಂದಲೇ ಶತ್ರುವಿನ ಪಹರೆ. ಮೊದಲ ದಿನದ ವಿಡಿಯೋ: ಇಪ್ಪತ್ತೆರಡು ನಿಮಿಷ.

ಅಕ್ಟೋಬರ್ 13, ಭಾನುವಾರ

ಚರ್ಚಿನಿಂದ ಬಂದು ಉಗಾಲಿ ಮುದ್ದೆ, ಮೀನು ಉಣ್ಣುವಾಗ ಹೆಂಡತಿಗೆ ಎಲ್ಲ ಹೇಳಿದೆ: ನನ್ನ ಕೋಣೆ ಕಸಿಯಲು ಹುಡುಗಿ ಟ್ಯಾಬ್‌ನ ನಕ್ಷೆಗಳನ್ನು ಗುಟ್ಟಾಗಿ ಬದಲಾಯಿಸುತ್ತಿದ್ದಾಳೆ.

"ಬಾಬಾ ಕುಲ್ವಾ, ಆ ಹುಡುಗಿ ನಕ್ಷೆ ಬದಲಾಯಿಸಿ ಏನ್ ಮಾಡ್ತಾಳೆ? ಅದೇ ವಿಮಾನದಲ್ಲಿ ಅವಳೂ ಕೂತಿರ್ತಾಳಲ್ಲ?" ಎಂದಳು. ಬಾಬಾ ಕುಲ್ವಾ ಎಂದರೆ ಕುಲ್ವಾನ ಅಪ್ಪ, ಮಗುವಿನ ಹೆಸರಿನಿಂದಲೇ ನನ್ನನ್ನು ಕರೆಯುತ್ತಾಳೆ.

"ಅದೇ ಒಳಸಂಚು. ಯಾರೂ ಅನುಮಾನ ಪಡಬಾರದು ಅಂತ."

"ಸರಿ. ಅವಳು ಸತ್ತ ಮೇಲೆ ನಿಮ್ಮ ಕೋಣೇಲಿ ಬಂದು ಕೂರ್ತಾಳಾ?" ಮೀನಿನ ತಲೆ ನನ್ನ ತಟ್ಟೆಗೆ ಹಾಕಿದಳು. "ಹಳೆ ನಕ್ಷೇನಾದ್ರೆ ನಾನು ಮೀನು ಸುತ್ತೋಕೆ ತಗೊಳ್ತಿದ್ದೆ. ಟ್ಯಾಬಲ್ಲಿ ಒಂದು ಮರಿ ಮೀನೂ ಸುತ್ತೋಕಾಗಲ್ಲ, ಅದೊಂದೇ ನನ್ನ ದೂರು."

ಕಾಲೇಜಿನ ನಾಟಕದಲ್ಲಿ ನಾನು ರಾಜನಾಗಿದ್ದಾಗ ಇವಳು ಮುಂದಿನ ಸಾಲಿನಲ್ಲಿ ಕುಳಿತು ಕಡಲೆ ತಿನ್ನುತ್ತಿದ್ದಳು. ಮೂವತ್ತು ವರ್ಷವಾದರೂ ಆ ಸಾಲು ಬಿಟ್ಟು ಎದ್ದಿಲ್ಲ.

ಅಕ್ಟೋಬರ್ 17, ಗುರುವಾರ

ಒಂದು ಉಪಾಯ ಮಾಡಿದ್ದೇನೆ. ಹೊಸ ಹಾಳೆ ಬಾರದಿದ್ದರೇನು, ಬೈಂಡರಿನ ಹಳೆಯ ಹಾಳೆಯನ್ನೇ ಪೆನ್ಸಿಲಿನಲ್ಲಿ ತಿದ್ದುತ್ತಾ ಹೋಗುತ್ತೇನೆ. ಟ್ಯಾಬ್ ಒಂದು ಹೇಳಿ ಕಾಗದ ಇನ್ನೊಂದು ಹೇಳಿದ ದಿನ ಕಳ್ಳತನ ಹೊರಬೀಳುತ್ತದೆ. ತಿದ್ದಲು ಏನೇನು ಬದಲಾಗಿದೆ ಎಂದು ಗೊತ್ತಾಗಬೇಕಲ್ಲ. ಅದಕ್ಕೆ ಅವಳನ್ನೇ ಕೇಳಿದೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಒಂದೊಂದೇ ಊರಿನ ಹಾಳೆ ತೆರೆದು ಓದಿದಳು. ನಾನು ಬರೆದೆ. ಒಂದೂಕಾಲು ಗಂಟೆ. ಬೇಸರದ ಒಂದು ನಿಟ್ಟುಸಿರೂ ಇಲ್ಲ.

"ನೀವು ಬರೆಯೋದು ಚೆನ್ನಾಗಿದೆ. ಅಂಕಿ ಎಲ್ಲ ಅಚ್ಚು ಹಾಕಿದ ಹಾಗೆ."

ಹೊಗಳಿದಳು. ಎಚ್ಚರಿಕೆ.

ಅಕ್ಟೋಬರ್ 30, ಬುಧವಾರ

ನಾಳೆ ನಕ್ಷೆಗಳ ಹೊಸ ಹುಟ್ಟು. ಇಂದು ಕಂಡದ್ದನ್ನು ಅಕ್ಷರ ತಪ್ಪದೆ ಬರೆಯುತ್ತೇನೆ.

ಬೆಳಿಗ್ಗೆ ಹತ್ತರಿಂದ ಅವಳು ವೈಫೈ ಡಬ್ಬಿಯ ಕೆಳಗೆ ಕುಳಿತು ಎರಡೂ ಟ್ಯಾಬ್‌ಗಳಿಗೆ ನಕ್ಷೆ ಇಳಿಸಿಕೊಂಡಳು. ಹನ್ನೊಂದೂ ಇಪ್ಪತ್ತಕ್ಕೆ ಎದ್ದು, ಎರಡನ್ನೂ ಎದೆಗವಚಿಕೊಂಡು, ಹ್ಯಾಂಗರಿನ ಹಿಂದೆ ನಡೆದು, ಇಂಧನದ ಪೀಪಾಯಿಗಳನ್ನೂ ದಾಟಿ, ಬೇಲಿಯ ಮೂಲೆಯ ಮಾವಿನ ಮರದ ಕೆಳಗೆ ಹೋಗಿ ಕುಳಿತಳು. ನ್ಯಾಯವಾದ ಕೆಲಸ ಮಾಡುವವರಿಗೆ ಮೇಜು ಕುರ್ಚಿ ಇದೆ. ಮರದ ಮರೆ ಯಾರಿಗೆ ಬೇಕು?

ನಾನು ಪೀಪಾಯಿಗಳ ಹಿಂದೆ ನಿಂತೆ. ಮೀಸಲು ಟ್ಯಾಬ್ ಅವಳ ಬಳಿಯೇ ಇದ್ದುದರಿಂದ ವಿಡಿಯೋ ಇಲ್ಲ, ಕಿವಿ ಮಾತ್ರ. ಮೊದಲು ಒಂದು ಟ್ಯಾಬ್ ತೆಗೆದಳು, ಮುಗಿಸಿ ಎರಡನೆಯದು. ಅದರ ಬೆನ್ನಿನ ಕೆಂಪು ಪಟ್ಟಿ ನೋಡಿದೆ, ಮೀಸಲೇ. ಪುಟ ಒಂದೊಂದಾಗಿ ಸರಿಸುತ್ತಾ ಗಟ್ಟಿಯಾಗಿ ಹೇಳುತ್ತಿದ್ದಳು: "ಬುಕೋಬಾ, ಇದೆ. ಕಬುಯಾಂಗಾ, ಇದೆ. ಕಬುಯಾಂಗಾ ಎರಡನೇ ಪುಟ, ಇದೆ. ಕಿಗೋಮಾ, ಇದೆ." ಹೀಗೆ ಕೊನೆಯ ಊರಿನವರೆಗೆ.

ಯಾರಿಗೆ ಓದಿ ಹೇಳುತ್ತಿದ್ದಳು? ಕೈಯಲ್ಲಿ ಫೋನಿರಲಿಲ್ಲ. ಕಿವಿಯಲ್ಲೂ ಏನೂ ಇರಲಿಲ್ಲ, ಅವಳು ತಲೆ ಕೆರೆದಾಗ ಎರಡೂ ಕಿವಿ ನೋಡಿದೆ. ಇದು ಯಾವುದೋ ಸಂಕೇತ. ಬಿಡಿಸುತ್ತೇನೆ.

ಅಕ್ಟೋಬರ್ 31, ಗುರುವಾರ

ಓದಿಸಿಕೊಂಡು ತಿದ್ದಿದೆ. ಈ ಸಲ ಅವಳೇ ಬಂದಳು, ಕೈಯಲ್ಲಿ ಎರಡು ಲೋಟ ಚಹಾ. ಚಹಾದ ಮೊದಲ ಗುಟುಕನ್ನು ಅವಳು ಕುಡಿಯುವವರೆಗೆ ಕಾದು ಕುಡಿದೆ.

ದೊಡ್ಡ ಬದಲಾವಣೆ ಒಂದೇ. ಸರೋವರದ ಪಶ್ಚಿಮ ದಡದ ಕಬುಯಾಂಗಾದಲ್ಲಿ ರನ್‌ವೇಯ ಉತ್ತರದ ಗುಡ್ಡದ ಮೇಲೆ ಹೊಸ ಫೋನು ಗೋಪುರ, ತುದಿ ನಾಲ್ಕು ಸಾವಿರದ ಒಂಬೈನೂರ ಮೂವತ್ತು ಅಡಿ. ಆದ್ದರಿಂದ ಇಳಿಯಲಾಗದೆ ಮತ್ತೆ ಮೇಲೇರುವವರು ಇನ್ನು ಬಲಕ್ಕೆ ತಿರುಗುವಂತಿಲ್ಲ. ಎಡಕ್ಕೆ.

"ಹತ್ತೊಂಬತ್ತು ವರ್ಷದಿಂದ ಅಲ್ಲಿ ಬಲಕ್ಕೇ" ಎಂದೆ.

"ನಂಗೂ ಬಲಕ್ಕೇ ಕೈ ಹೋಗುತ್ತೆ, ಬ್ವಾನಾ. ದಪ್ಪಗೆ ಬರೀರಿ."

ದಪ್ಪಗೆ ಬರೆದೆ. ಎಡಕ್ಕೆ ಎಂಬುದರ ಕೆಳಗೆ ಎರಡು ಗೆರೆ. ಅವಳು ಸುಳ್ಳು ಹೇಳಿರಬಹುದೆಂದು ಸರ್ಕಾರಿ ಪ್ರಕಟಣೆ ತರಿಸಿ ನೋಡಿದೆ. ಹೇಳಿದ್ದು ನಿಜ. ನಂಬಿಕೆ ಗಳಿಸಲು ಮೊದಲು ನಿಜ ಹೇಳುವುದು ಹಳೆಯ ತಂತ್ರ.

ನವೆಂಬರ್ 6, ಬುಧವಾರ

ಕೆಮಿಲೆಂಬೆ ಊರಿನಿಂದ ಹುರಿದ ಮಿಡತೆ ತಂದಿದ್ದಾಳೆ. ಇದು ಮಿಡತೆಯ ಕಾಲ, ಹಾಯಾ ಜನಕ್ಕೆ ಮದುವೆಯ ಊಟ ಬೇಡ, ಇದು ಸಾಕು. ಒಂದು ಡಬ್ಬಿ ನನ್ನ ಮೇಜಿನ ಮೇಲಿಟ್ಟಳು.

"ಇದ್ಯಾಕೆ?"

"ತಿನ್ನೋಕೆ. ನಿಮ್ಮ ಸುಕುಮಾ ಜನಕ್ಕೆ ಹಸು ಬಿಟ್ಟು ಬೇರೆ ಜೀವ ಗೊತ್ತಿಲ್ಲ ಅಂತ ನಂಗೊತ್ತು. ಕಲೀರಿ."

ಲಂಚ. ಮುಟ್ಟಲಿಲ್ಲ. ಸಂಜೆ ಹೊರಡುವ ಮೊದಲು, ವಿಷವೋ ಏನೋ ಪರೀಕ್ಷಿಸಲು, ಒಂದು. ಆಮೇಲೆ ಪರೀಕ್ಷೆ ಪೂರ್ತಿಯಾಗಲೆಂದು ಇನ್ನು ಕೆಲವು. ಡಬ್ಬಿ ತೊಳೆದು ಹಿಂದಿರುಗಿಸಬೇಕು.

ನವೆಂಬರ್ 11, ಸೋಮವಾರ

ಸಾಕ್ಷಿ ಸಂಗ್ರಹ ಭರದಿಂದ ಸಾಗಿದೆ. ಇಂದು ಕೋಣೆಯ ಬಾಗಿಲು ಹಾಕಿಕೊಂಡು ಬೈಂಡರುಗಳ ಹಾಳೆ ಹಾಳೆಯನ್ನೂ ವಿಡಿಯೋ ಮಾಡಿದೆ. ಹನ್ನೊಂದು ಬೈಂಡರು, ಮೂರು ಗಂಟೆ. ಕೊನೆಗೆ ಟ್ಯಾಬನ್ನು ರೇಡಿಯೋಗೆ ಒರಗಿಸಿ, ಎದುರು ನಿಂತು, ನನ್ನ ಹೇಳಿಕೆಯನ್ನು ರಂಗದ ಮೇಲಿನಂತೆ ಮೈತುಂಬಿ ನುಡಿದೆ: "ಮಹಾಜನಗಳೇ, ಕಾಗದ ಹೊತ್ತಿ ಉರಿದರೂ ಬೂದಿಯಾದರೂ ಉಳಿಯುತ್ತದೆ. ಗಾಜಿನಲ್ಲಿ ಬಂದದ್ದು ಗಾಜಿನಲ್ಲೇ ಹೋಗುತ್ತದೆ, ಬೂದಿಯೂ ಸಿಗದು." ಕಣ್ಣು ತುಂಬಿತು. ಇನ್ನೊಮ್ಮೆ ಮಾಡಿದೆ. ಎರಡನೆಯದೇ ಉತ್ತಮ. ಎರಡನ್ನೂ ಇಟ್ಟುಕೊಂಡಿದ್ದೇನೆ.

ನವೆಂಬರ್ 12, ಮಂಗಳವಾರ

ವಿಡಿಯೋ ತೆಗೆಯುವಾಗ ಮೀಸಲು ಟ್ಯಾಬ್‌ನ ನಡುವೆ ಒಂದು ಚೌಕ ಎದ್ದಿತು. ಇಂಗ್ಲಿಷಿನಲ್ಲಿ: ಜಾಗ ತುಂಬಿದೆ, ದೊಡ್ಡದಾಗಿರುವ ಇಳಿಸಿದ ಕಡತಗಳನ್ನು ತೆಗೆದು ಜಾಗ ಮಾಡಲೇ?

ಇದು ನನ್ನನ್ನು ಹಿಡಿಯಲು ಒಡ್ಡಿದ ಬೋನೇ ಇರಬೇಕು. ಬೇಡ ಎಂದರೆ ನನ್ನ ವಿಡಿಯೋ ನಿಲ್ಲುತ್ತದೆ. ಆಗಲಿ ಎಂಬುದನ್ನು ಒತ್ತಿದೆ. ಸಮಯ ಮೂರು ಗಂಟೆ ಹತ್ತು ನಿಮಿಷ. ಚೌಕ ಮಾಯವಾಯಿತು. ಏನು ತೆಗೆಯಿತೋ ನೋಡೋಣವೆಂದು ನಕ್ಷೆ ತೆರೆದೆ. ಬುಕೋಬಾ ಬಂತು, ಕಬುಯಾಂಗಾ ಬಂತು, ಕಿಗೋಮಾ ಬಂತು. ಒಂದು ಗಳಿಗೆ ತಡೆದು ಬಂದವು, ಅಷ್ಟೆ. ಎಲ್ಲ ಸರಿಯಿದೆ.

ಸೋತಿತು ಬೋನು.

ನವೆಂಬರ್ 15, ಶುಕ್ರವಾರ

ಡಬ್ಬಿ ತೊಳೆದು ಕೊಟ್ಟೆ. ಹೆಂಡತಿ ಅದರಲ್ಲಿ ಸಿಹಿ ಗೆಣಸು ತುಂಬಿ ಕಳಿಸಿದ್ದಳು. ಖಾಲಿ ಡಬ್ಬಿ ಹಿಂದಿರುಗಿಸುವುದು ನಮ್ಮಲ್ಲಿ ಇಲ್ಲ. ಬೇರೆ ಅರ್ಥವಿಲ್ಲ.

ನವೆಂಬರ್ 19, ಮಂಗಳವಾರ

ಈಗ ಆರೂವರೆ. ಮಳೆ ನಿಂತಿದೆ. ಬರೆಯಲು ಕುಳಿತವನು ಮೂರು ಸಲ ಎದ್ದು ರೇಡಿಯೋ ಮುಟ್ಟಿ ಬಂದೆ, ಅದು ಮತ್ತೆ ಮಾತಾಡುವುದೋ ಎಂದು.

ಬೆಳಿಗ್ಗೆ ಕೆಮಿಲೆಂಬೆ ದಕ್ಷಿಣದ ಗಣಿಯೂರಿಗೆ ಹಾರಿದಳು. ಅಲ್ಲಿ ಮೂರು ಗಂಟೆ ವಿಮಾನ ಬಿಸಿಲಲ್ಲಿ ನಿಂತಿತು. ಮಧ್ಯಾಹ್ನ ಅಲ್ಲಿಂದ ಆರು ಮಂದಿ ಶಾಲಾ ಶಿಕ್ಷಕಿಯರನ್ನು ಕೂರಿಸಿಕೊಂಡು ಸರೋವರ ದಾಟಿ ಕಬುಯಾಂಗಾಕ್ಕೆ ಹೊರಟಳು. ಮೂರು ಗಂಟೆಗೆ ಸರೋವರದ ಮೇಲೆ ಮೋಡ ಎದ್ದಿತು. ಮೂರೂ ಇಪ್ಪತ್ತಕ್ಕೆ ಮ್ವಾಂಜಾದ ಕಡೆಯೂ ಕಪ್ಪಾಯಿತು. ಅಂದರೆ ಹಿಂದಿನ ಬಾಗಿಲೂ ಮುಚ್ಚಿತು.

ಮೂರೂ ಮೂವತ್ತೆರಡಕ್ಕೆ ರೇಡಿಯೋ.

"ಬ್ವಾನಾ ಲುಹೆಂಡೆ, ಇದೀರಾ?"

"ಇದೀನಿ."

"ಮುಖ್ಯ ಟ್ಯಾಬ್ ಬಿಸಿಲಿಗೆ ಕಾದು ಆಫ್ ಆಯ್ತು. ತಣ್ಣಗಾಗೋವರೆಗೆ ಏಳಲ್ಲ. ಮೀಸಲು ತೆಗೆದೆ. ಮೀಸಲಲ್ಲಿ ಏನೂ ಇಲ್ಲ. ಬರೀ ಬೂದು ಚೌಕ. ಕಬುಯಾಂಗಾನೂ ಇಲ್ಲ, ಬುಕೋಬಾನೂ ಇಲ್ಲ."

ನನಗೆ ಮೊದಲು ಬಂದ ಯೋಚನೆಯನ್ನು ಬರೆಯುತ್ತೇನೆ, ಇದು ಸಾಕ್ಷಿಯ ಪುಸ್ತಕ. ನಾಟಕ ಎಂದುಕೊಂಡೆ. ನನ್ನನ್ನು ಪರೀಕ್ಷಿಸಲು ಆಡುತ್ತಿರುವ ನಾಟಕ. ಆದರೆ ನಾಟಕದ ದನಿ ನನಗೆ ಗೊತ್ತು. ಈ ದನಿಯಲ್ಲಿ ನಾಟಕ ಇರಲಿಲ್ಲ. ಹಿಂದೆ ಯಾರೋ ಶಿಕ್ಷಕಿ ಪ್ರಾರ್ಥನೆ ಹೇಳುವುದು ಕೇಳುತ್ತಿತ್ತು.

"ನಿಮ್ಮ ಪೆನ್ಸಿಲ್ ಹಾಳೆ ಇದೆಯಾ, ಬಾಬಾ?"

ಇದೆ. ಕಬುಯಾಂಗಾ, ನಾಲ್ಕನೆಯ ಬೈಂಡರು, ಮೇಲಿನಿಂದ ಎರಡನೆಯ ಹಾಳೆ. ಕಣ್ಣು ಕಟ್ಟಿದರೂ ತೆಗೆಯುತ್ತೇನೆ.

ಮಳೆ ತಗಡಿನ ಮೇಲೆ ಬಿದ್ದು ಕೋಣೆಯೆಲ್ಲ ನಗಾರಿಯಾಗಿತ್ತು. ಕಾಲೇಜಿನಲ್ಲಿ ಮೈಕು ಇಲ್ಲದೆ ಸಾವಿರ ಜನಕ್ಕೆ ಕೇಳುವಂತೆ ನುಡಿಯಲು ಕಲಿಸಿದ್ದರು. ಅಕ್ಷರಕ್ಕೆ ಅಕ್ಷರ ತಾಗಬಾರದು, ಹೊಟ್ಟೆಯಿಂದ ಬರಬೇಕು. ಹಾಗೆ ಓದಿದೆ. ಎಂದೂ ಹಾಗೆ ಓದಿರಲಿಲ್ಲ.

"ಬಂಡೆ ನಡುಗಡ್ಡೆ ದಾಟೋವರೆಗೆ ಆರು ಸಾವಿರ ಅಡಿ. ಕೆಳಗೆ ಬೇಡ."

"ಆರು ಸಾವಿರ."

"ನಡುಗಡ್ಡೆಯಿಂದ ದಿಕ್ಕು ಎರಡು ಎಂಟು ಸೊನ್ನೆ. ನಾಲ್ಕು ಸಾವಿರದ ಎಂಟುನೂರಕ್ಕೆ ಇಳಿ. ದಡದ ಹೊತ್ತಿಗೆ ರನ್‌ವೇ ಕಾಣದಿದ್ರೆ ಮೇಲೇರು."

ಅವಳು ಒಂದೊಂದನ್ನೂ ಹಿಂದಕ್ಕೆ ಹೇಳಿದಳು. ವಿಮಾನದೊಳಗೆ ಎದುರಿನ ಫಲಕದ ಯಂತ್ರ ಅವಳು ಎಲ್ಲಿದ್ದಾಳೆಂದು ಹೇಳುತ್ತಿತ್ತು. ಕೆಳಗೆ ಏನು ನಿಂತಿದೆ ಎಂಬುದನ್ನು ಹೇಳಲು ಅವಳಿಗೆ ನಾನೊಬ್ಬನೇ.

ಮೂರೂ ಐವತ್ತೊಂದು. "ನಾಲ್ಕು ಸಾವಿರದ ಎಂಟುನೂರು. ಬರೀ ಬಿಳಿ. ದಡ ಬಂತು. ಕಾಣ್ತಿಲ್ಲ, ಬಾಬಾ. ಮೇಲೇರ್ತೀನಿ, ಬಲಕ್ಕೆ..."

"ಎಡಕ್ಕೆ."

ಆ ಒಂದು ಮಾತು ಹ್ಯಾಂಗರಿನ ಆಚೆಯವರೆಗೂ ಕೇಳಿತಂತೆ, ಮೆಕ್ಯಾನಿಕ್ ಓಡಿ ಬಂದ.

"ಎಡಕ್ಕೆ ಮಾತ್ರ. ಬಲಕ್ಕೆ ಗೋಪುರ. ನಾಲ್ಕು ಸಾವಿರದ ಒಂಬೈನೂರ ಮೂವತ್ತು."

ಏನೂ ಕೇಳಲಿಲ್ಲ. ಎಷ್ಟು ಹೊತ್ತೋ ಅಳೆಯಲಿಲ್ಲ. ಆಮೇಲೆ: "ಎಡಕ್ಕೆ. ತಿರುಗಿದೀನಿ. ಆರು ಸಾವಿರಕ್ಕೆ."

ಎರಡನೆಯ ಸಲ ಮತ್ತೆ ಓದಿದೆ, ಮೊದಲ ಅಕ್ಷರದಿಂದ. ಈ ಸಲ ದಡಕ್ಕೆ ಮೊದಲೇ ಮೋಡ ಹರಿಯಿತು. ನಾಲ್ಕೂ ಒಂಬತ್ತಕ್ಕೆ ಚಕ್ರ ನೆಲ ಮುಟ್ಟಿತು.

"ಇಳಿದ್ವಿ, ಬಾಬಾ. ಟೀಚರುಗಳು ಹಾಡ್ತಿದಾರೆ. ಶ್ರುತಿ ಒಂದೂ ಸರಿಯಿಲ್ಲ."

ನಾನು ಕೊನೆಯವರೆಗೂ ಶಾಂತವಾಗಿಯೇ ಓದಿದೆ. ಪೆನ್ಸಿಲ್ ಎರಡು ತುಂಡಾಗಿತ್ತು, ಅದು ಬೇರೆ ವಿಷಯ.

ನವೆಂಬರ್ 20, ಬುಧವಾರ

ಮಾಮಾ ಲಿಮಿ ಕೆಮಿಲೆಂಬೆಯನ್ನು ನನ್ನ ಎದುರಿಗೇ ವಿಚಾರಿಸಿದರು.

"ಎರಡನೇದರಲ್ಲಿ ನಕ್ಷೆ ಇರಲಿಲ್ಲ. ಅಂದ್ರೆ ನೀನು ಇಳಿಸಿರಲಿಲ್ಲ."

"ಇಳಿಸಿದ್ದೆ, ಮಾಮಾ. ಪುಟ ಪುಟ ತೆಗೆದು ನೋಡಿದ್ದೆ."

"ಯಾರ ಎದುರಿಗೆ?"

"ಯಾರೂ ಇರಲಿಲ್ಲ."

"ಹಂಗಾದ್ರೆ ನೋಡಿಲ್ಲ ಅಂತಲೇ ಲೆಕ್ಕ. ಶನಿವಾರ ವಿಮಾನಯಾನ ಪ್ರಾಧಿಕಾರಕ್ಕೆ ಪತ್ರ ಬರೀತೀನಿ. ಅಲ್ಲೀವರೆಗೆ ನೀನು ಹಾರೋದು ಬೇಡ. ಆಮೇಲೂ ಹಾರ್ತೀಯೋ ಇಲ್ವೋ ಅವರೇ ಹೇಳ್ಲಿ." ನನ್ನ ಕಡೆ ತಿರುಗಿ, "ಲುಹೆಂಡೆ, ನಿನ್ನ ಕೋಣೆ ಸದ್ಯಕ್ಕೆ ಇರ್ಲಿ. ಕಾಗದವೇ ವಾಸಿ ಅನ್ಸುತ್ತೆ."

ಏಳು ವಾರದಿಂದ ಈ ಮಾತಿಗೆ ಕಾದಿದ್ದೆ. ಗೆದ್ದವನು ರಂಗದ ನಡುವೆ ಬಂದು ನಿಲ್ಲಬೇಕು. ನಾನು ಹೋಗಿ ರೇಡಿಯೋದ ಧೂಳು ಒರೆಸಿದೆ.

ಮಧ್ಯಾಹ್ನ ಅವಳು ಮಾವಿನ ಮರದ ಕೆಳಗೆ ಸುಮ್ಮನೆ ಕುಳಿತಿದ್ದಳು. ಹೋಗಿ ಕೇಳಿಬಿಟ್ಟೆ: ಹೊಸ ನಕ್ಷೆ ಬಂದಾಗ ಈ ಮರಕ್ಕೆ ಯಾಕೆ ಬರುತ್ತೀ?

"ಆಫೀಸಲ್ಲಿ ವೈಫೈ ಇದೆಯಲ್ಲ, ಬಾಬಾ. ನಕ್ಷೆ ಒಳಗಿಲ್ದಿದ್ರೂ, ತೆರೆದ ತಕ್ಷಣ ಅದು ಎಲ್ಲಿಂದಲೋ ತಂದು ತೋರಿಸುತ್ತೆ. ಇದೆ ಅನ್ಸುತ್ತೆ, ಇರಲ್ಲ. ಆಕಾಶದಲ್ಲಿ ಯಾರು ತಂದುಕೊಡ್ತಾರೆ? ಅದಕ್ಕೆ ಫ್ಲೈಟ್ ಮೋಡ್ ಹಾಕಿ ಇಲ್ಲಿ ಬಂದು ನೋಡ್ತೀನಿ. ಇಲ್ಲಿಗೆ ವೈಫೈ ಮುಟ್ಟಲ್ಲ."

"ಫ್ಲೈಟ್ ಮೋಡ್ ಹಾಕಿದ್ರೆ ಸಾಕಲ್ಲ? ಮರ ಯಾಕೆ?"

"ಆ ಗುಂಡೀನ ನಂಬ್ತೀರಾ ನೀವು?" ಎಂದಳು. "ನಾನು ನಂಬಲ್ಲ. ಯಾವುದನ್ನೂ ನಂಬಲ್ಲ. ಗಟ್ಟಿಯಾಗಿ ಓದೋದೂ ಅದಕ್ಕೇ. ನನ್ನ ಕಣ್ಣಿನ ಮೇಲೂ ನಂಗೆ ಅನುಮಾನ."

ಹತ್ತೊಂಬತ್ತು ವರ್ಷದಲ್ಲಿ ಈ ಬೇಲಿಯೊಳಗೆ ಇಂಥ ಮಾತನ್ನು ನಾನು ನನ್ನ ಬಾಯಲ್ಲಿ ಮಾತ್ರ ಕೇಳಿದ್ದೆ.

ಎದ್ದು ಬಂದೆ. ದಾರಿಯಲ್ಲಿ, ಪೀಪಾಯಿಗಳ ಹತ್ತಿರ, ಕಾಲು ನಿಂತಿತು. ಹನ್ನೆರಡನೆಯ ತಾರೀಖು ನಾನೇ ಬರೆದದ್ದು: "ಒಂದು ಗಳಿಗೆ ತಡೆದು ಬಂದವು."

ನವೆಂಬರ್ 21, ಗುರುವಾರ

ಕಳ್ಳ ಸಿಕ್ಕ.

ಮೀಸಲು ಟ್ಯಾಬ್ ತೆಗೆದುಕೊಂಡು ಮರದ ಕೆಳಗೆ ಹೋಗಿ ಫ್ಲೈಟ್ ಮೋಡ್ ಹಾಕಿದೆ. ಬೂದು ಚೌಕಗಳು. ವಿಡಿಯೋಗಳ ಗೂಡು ತೆರೆದೆ. ಅರವತ್ತೊಂದು. ಎಲ್ಲದರಲ್ಲೂ ಕಿಟಕಿ, ಕೆಮಿಯ ಬೆನ್ನು, ಬೈಂಡರು, ಮತ್ತು ನಾನು. ಅವಳ ನಕ್ಷೆಗಳು ಮಲಗಿದ್ದ ಜಾಗದಲ್ಲಿ ನನ್ನ ಭಾಷಣ ಕಾಲು ಚಾಚಿ ಮಲಗಿದೆ. ಎರಡೆರಡು ಸಲ.

ಒಂದು ಗುಂಡಿ ಒತ್ತಿದರೆ ಅರವತ್ತೊಂದೂ ಹೋಗುತ್ತವೆ. ಬೂದಿಯೂ ಸಿಗದು ಎಂದವನು ನಾನೇ. ಕೋಣೆ ನನ್ನದು, ಕಾಗದವೇ ವಾಸಿ ಎಂದು ಒಡತಿಯೇ ಹೇಳಿಯಾಗಿದೆ. ಬೆರಳು ಅಲ್ಲಿಯವರೆಗೆ ಹೋಗಿತ್ತು. ಇದನ್ನೂ ಬರೆದಿಡುತ್ತೇನೆ.

ಕೆಮಿಯ ಮೇಲೆ ಶನಿವಾರ ಪತ್ರ ಹೋಗುತ್ತದೆ. ಅವಳು ಪುಟ ಪುಟ ನೋಡಿದ್ದಕ್ಕೆ ಜಗತ್ತಿನಲ್ಲಿ ಒಬ್ಬನೇ ಸಾಕ್ಷಿ. ಅವನು ಪೀಪಾಯಿಗಳ ಹಿಂದೆ ನಿಂತಿದ್ದ. ನಿಂತದ್ದನ್ನು ತಾರೀಖು ಸಮೇತ ಬರೆದಿದ್ದಾನೆ. ಗುಂಡಿ ಒತ್ತಿದ ಗಂಟೆ ನಿಮಿಷವನ್ನೂ.

ಈ ಪುಸ್ತಕದಲ್ಲೇ.

ನವೆಂಬರ್ 22, ಶುಕ್ರವಾರ

ಕೊಟ್ಟೆ. ಪುಸ್ತಕ, ಟ್ಯಾಬ್, ಎರಡನ್ನೂ ಮಾಮಾ ಲಿಮಿಯ ಮೇಜಿನ ಮೇಲಿಟ್ಟೆ. ಹಾಳೆಗಳನ್ನು ಪಿನ್ನು ಹಾಕಿ ಮುಚ್ಚಬಹುದಿತ್ತು, ಬೇಕಾದ ಎರಡನ್ನೇ ತೋರಿಸಬಹುದಿತ್ತು. ಆಗ ಮೂರನೆಯದರಲ್ಲಿ ಏನಿದೆಯೋ ಎಂದು ನಾನಾದರೆ ಅನುಮಾನಪಡುತ್ತಿದ್ದೆ.

ಅವರು ಮೊದಲ ಪುಟದಿಂದ ಓದಿದರು. ಕೆಮಿಯನ್ನೂ ಕರೆಸಿದರು. ಬೇಕಾದಲ್ಲಿ ಗಟ್ಟಿಯಾಗಿ ಓದಿದರು.

"ಗುಬ್ಬಿ ಬಿಟ್ಟು ಹೋದ ಗೂಡು" ಎಂದು ಓದಿ ನಿಲ್ಲಿಸಿ, ನನ್ನನ್ನು ನೋಡಿ, ವಿಗ್ ಸರಿಪಡಿಸಿಕೊಂಡು ಮುಂದೆ ಹೋದರು. ಅಕ್ಟೋಬರ್ ಮೂವತ್ತರ ಪುಟವನ್ನು ಎರಡು ಸಲ ಓದಿದರು. ನವೆಂಬರ್ ಹನ್ನೆರಡರದನ್ನು ಮೂರು ಸಲ. ಆಮೇಲೆ ಟ್ಯಾಬ್ ತೆಗೆದು ಒಂದು ವಿಡಿಯೋ ಒತ್ತಿದರು. ಅದೃಷ್ಟ ನೋಡಿ, ಅರವತ್ತೊಂದರಲ್ಲಿ ಅದೇ ಸಿಕ್ಕಬೇಕೆ. ನನ್ನ ದನಿ ಕೋಣೆ ತುಂಬಿತು: "ಮಹಾಜನಗಳೇ."

ಕೆಮಿ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಭುಜ ಅಲುಗುತ್ತಿತ್ತು. ನಗುವೋ ಅಳುವೋ ಹಿಂದಿನಿಂದ ಗೊತ್ತಾಗಲಿಲ್ಲ.

"ಪತ್ರ ಬರೀತೀನಿ" ಎಂದರು ಮಾಮಾ ಲಿಮಿ. "ಹೆಸರು ಮಾತ್ರ ಬೇರೆ, ನಿಂದು ಬರೀತೀನಿ. ಡಿಸೆಂಬರ್ ಒಂದಕ್ಕೆ ಸೋಫಾ ಬರುತ್ತೆ, ಲುಹೆಂಡೆ. ನೀನು ರೇಡಿಯೋ ತಗೊಂಡು ಪಡಸಾಲೆಗೆ ಹೋಗು. ಬೈಂಡರು ಗೋದಾಮಿಗೆ." ಬೇಕಾದ ಎರಡು ಪುಟಗಳ ಫೋಟೋ ತೆಗೆದುಕೊಂಡು ಪುಸ್ತಕ ಹಿಂದಿರುಗಿಸಿದರು.

ಹೊರಗೆ ಕೆಮಿ ನನ್ನನ್ನು ತಡೆದಳು. ಕಣ್ಣು ಕೆಂಪಾಗಿದ್ದವು.

"ಮೊದಲು ನನ್ನ ಕೊಲ್ಲೋದರಲ್ಲಿದ್ರಿ. ಆಮೇಲೆ ಬದುಕಿಸಿದ್ರಿ. ಯಾವುದಕ್ಕೆ ಮೊದಲು ಮಾತಾಡಲಿ ಅಂತ ಗೊತ್ತಾಗ್ತಿಲ್ಲ. ಗೊತ್ತಾಗೋವರೆಗೆ ಮಾತಾಡಲ್ಲ."

ನವೆಂಬರ್ 25, ಸೋಮವಾರ

ಮಾತಾಡಲಿಲ್ಲ.

ನವೆಂಬರ್ 26, ಮಂಗಳವಾರ

ಇಂದೂ ಇಲ್ಲ. ಹೆಂಡತಿ ಕೇಳಿದಳು, "ಅವಳ ಮೇಲೆ ಈಗಲೂ ಕಣ್ಣಿಟ್ಟಿದೀರಾ?" ಇಲ್ಲ ಎಂದೆ. "ಮತ್ತೆ ಅವಳು ಊಟಕ್ಕೆ ಬರಲಿಲ್ಲ, ಎರಡು ಸಲ ಕೆಮ್ಮಿದಳು ಅಂತ ಹೆಂಗೆ ಗೊತ್ತು?"

ಎದ್ದು ತಟ್ಟೆ ತೊಳೆಯಲು ಹೋದೆ.

ನವೆಂಬರ್ 27, ಬುಧವಾರ

ನಾಳೆ ಹೊಸ ನಕ್ಷೆ. ಬೈಂಡರುಗಳನ್ನು ಗೋದಾಮಿಗೆ ಕಟ್ಟುವ ಮೊದಲು ಹಾಳೆ ಎಣಿಸಿದೆ, ಅದು ಪದ್ಧತಿ. ನಾಲ್ಕನೆಯ ಬೈಂಡರಿನಲ್ಲಿ ಒಂದು ಕಡಿಮೆ. ಮತ್ತೆ ಎಣಿಸಿದೆ. ಮೇಲಿನಿಂದ ಎರಡನೆಯ ಹಾಳೆ.

ಕಬುಯಾಂಗಾ ಇಲ್ಲ.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಕಳವು. ಕೋಣೆಯ ಬೀಗದ ಕೈ ಯಾರ ಬಳಿ ಇತ್ತು, ನಾನು ಯಾವಾಗ ಎದ್ದು ಹೋದೆ, ಎಲ್ಲವನ್ನೂ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ವಿಚಾರಣೆ ಶುರುಮಾಡಿದ್ದೆ. ಆಗ ಖಾಲಿ ಜಾಗದಲ್ಲಿ ಒಂದು ಚೀಟಿ ಕಂಡಿತು. ನನ್ನದೇ ಹಳೆಯ ಚೀಟಿಯ ಮಾದರಿ, ಎಲ್ಲ ಸಾಲೂ ತುಂಬಿತ್ತು.

ಹಾಳೆ: ಕಬುಯಾಂಗಾ. ತೆಗೆದುಕೊಂಡವರು: ಕೆಮಿಲೆಂಬೆ. ಇಡುವ ಜಾಗ: ನನ್ನ ಚೀಲ, ಮುಖ್ಯ ಟ್ಯಾಬ್‌ನ ಹಿಂದೆ. ಹಿಂದಿರುಗಿಸುವುದು: ಇಪ್ಪತ್ತೆಂಟು ದಿನಕ್ಕೊಮ್ಮೆ, ಪಡಸಾಲೆಯ ಮೇಜಿಗೆ, ತಿದ್ದಿಸಲು.

ಕಿಟಕಿಯಿಂದ ನೋಡಿದೆ. ಅವಳು ಎರಡು ಟ್ಯಾಬ್ ಹಿಡಿದು ಮಾವಿನ ಮರದ ಕಡೆ ಹೋಗುತ್ತಿದ್ದಳು. ಪೀಪಾಯಿಗಳ ಹತ್ತಿರ ನಿಂತು ಹಿಂದಿರುಗಿ ನೋಡಿದಳು.

"ಬಾಬಾ, ಅದರ ಹಿಂದೆ ನಿಂತ್ರೆ ಸರಿಯಾಗಿ ಕಾಣಲ್ಲ. ಇಲ್ಲೇ ಬನ್ನಿ. ನಾನು ಓದ್ತೀನಿ, ನೀವು ನಂಬಬೇಡಿ."

ಹೋದೆ. ಅವಳು ಓದಿದಳು, ನಾನು ಒಂದೊಂದಕ್ಕೂ ಕತ್ತು ಚಾಚಿ ನೋಡಿದೆ. ಎರಡೂ ಟ್ಯಾಬ್, ಕೊನೆಯ ಊರಿನವರೆಗೆ. ಎಲ್ಲವೂ ಇವೆ. ಆದರೂ ಊಟದ ಮೇಲೆ ಇನ್ನೊಮ್ಮೆ ನೋಡೋಣವೆಂದೆ. ಆಗಲಿ ಎಂದಳು.

ಹೊಸ ಪೆನ್ಸಿಲ್ ಹೆರೆದಿಟ್ಟಿದ್ದೇನೆ. ನಾಳೆ ಆ ಹಾಳೆಯನ್ನು ಹೇಳಿದ ಹೊತ್ತಿಗೆ ತರುತ್ತಾಳೋ ಇಲ್ಲವೋ. ಕಣ್ಣಿಡಬೇಕು.